ಅಕ್ಕ ಎರಡನೆಯ ಸಲ ಮುಲ್ಕಿಗೆ ಕೂತ ವರ್ಷ

ಅಕ್ಕ ಇಲ್ಲದ ಮನೆಗೆ ನಾನು ಮೊದಲ ಸಲ ಹೋದದ್ದು ಈ ವರ್ಷ ಸಂಕ್ರಮಣ ಕಳೆದ ಮೇಲೆ. ಆಳಂದದಿಂದ ಜೇವರ್ಗಿಗೆ ಹೋಗಬೇಕಾದರೆ ಕಲಬುರಗಿಯಲ್ಲಿ ಬಸ್ಸು ಬದಲಿಸಬೇಕು. ಮೊದಲೆಲ್ಲ ಆ ದಾರಿ ನನಗೆ ಉದ್ದ ಅನಿಸಿದ್ದಿಲ್ಲ. ಮನೆಯೊಳಗೆ ಕಾಲಿಟ್ಟಾಗ ಅಕ್ಕನ ಸೊಸೆ ಪಡಸಾಲೆಯಲ್ಲಿ ಕೂತು ಹೊಸ ತೊಗರಿ ಚೀಲದ ಹೊಲಿಗೆ ಬಿಚ್ಚುತ್ತಿದ್ದಳು. ಚೀಲದ ಬಾಯಿ ತೆರೆಯುತ್ತಲೇ ಆ ವಾಸನೆ ಬಂತು. ಒಣ ಸಿಪ್ಪೆಯ ದೂಳು, ಸ್ವಲ್ಪ ಒಗರು. ನನಗೆ ಸೀನು ಬಂತು.

"ಅತ್ತಿನೂ ಹಿಂಗೇ ಸೀನತಿದ್ರು ನೋಡ್ರಿ ಸಣ್ಣತ್ತಿ, ಹೊಸಾ ತೊಗರಿ ಬಂದ್ರ ಸಾಕು" ಎಂದಳು ಆಕೆ.

ಅಕ್ಕ ಹೋಗಿ ಆಗಲೇ ಐದು ತಿಂಗಳಾಗಿತ್ತು. ಹೋದವರ ನೆನಪು ಒಂದೇ ಸಾಲಿನಲ್ಲಿ ಬರುವುದಿಲ್ಲ ಎಂದು ಈ ಐದು ತಿಂಗಳಲ್ಲಿ ತಿಳಿದುಕೊಂಡಿದ್ದೇನೆ. ಅವಳ ಮದುವೆ, ಬಾಣಂತನ, ಅಂಗನವಾಡಿಯ ಕೆಲಸ ಇವು ಯಾವುವೂ ಅಷ್ಟಾಗಿ ಕಣ್ಣ ಮುಂದೆ ಬರುವುದಿಲ್ಲ. ಬರುವುದು ಒಂದೇ ವರ್ಷ. ಅದನ್ನು ಬರೆದಿಟ್ಟರೆ ಸ್ವಲ್ಪ ಹಗುರಾದೀತು ಎಂದು ಕೂತಿದ್ದೇನೆ. ನಾನು ಹತ್ತನೆಯ ತರಗತಿ ಓದಿದವಳು. ಬರೆಯುವ ರೂಢಿ ಇಲ್ಲ.

ಅದು ಎಪ್ಪತ್ತರ ದಶಕದ ಕೊನೆ. ನಮ್ಮೂರು ಅಫಜಲಪುರ ತಾಲೂಕಿನಲ್ಲಿ, ಗೊಬ್ಬೂರಿಗೂ ಚೌಡಾಪುರಕ್ಕೂ ನಡುವೆ, ಡಾಂಬರು ರಸ್ತೆಯಿಂದ ಮೂರು ಮೈಲಿ ಒಳಗೆ. ಕಪ್ಪು ಮಣ್ಣು, ತೊಗರಿ, ಜೋಳ. ಶಾಲೆ ಏಳನೆಯ ತರಗತಿಯವರೆಗೆ ಇತ್ತು. ಏಳರ ಕೊನೆಗೆ ಸರ್ಕಾರದ ಪರೀಕ್ಷೆ. ಅದಕ್ಕೆ ಎಲ್ಲರೂ ಮುಲ್ಕಿ ಎನ್ನುತ್ತಿದ್ದರು. ಮುಲ್ಕಿ ಪಾಸಾದವರು ಬೇಕಾದರೆ ಅಫಜಲಪುರದ ಹೈಸ್ಕೂಲಿಗೆ ಹೋಗಬಹುದಿತ್ತು.

ಅಕ್ಕ ನೀಲಮ್ಮ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಹಿಂದಿನ ವರ್ಷ ಮುಲ್ಕಿಗೆ ಕೂತು ಗಣಿತದಲ್ಲಿ ಹನ್ನೊಂದು ಅಂಕ ತೆಗೆದು ನಪಾಸಾಗಿದ್ದಳು. ಹೀಗಾಗಿ ಆ ವರ್ಷ ನಾವಿಬ್ಬರೂ ಒಂದೇ ತರಗತಿ, ಒಂದೇ ಗೋಣಿತಟ್ಟಿನ ಮೇಲೆ ಕೂರುವವರು. ಅವಳಿಗೆ ಹದಿನಾಲ್ಕು. ಜೇವರ್ಗಿ ಕಡೆಯ ಒಂದು ಮನೆತನದವರು ಆಗಲೇ ಕೇಳಿಕೊಂಡು ಬಂದುಹೋಗಿದ್ದರು. ಶಾಲೆ ಶುರುವಾದ ದಿನ ಅಪ್ಪ ಅವಳನ್ನು ಕರೆದು ಹೇಳಿದ ಮಾತು ನನಗೆ ನೆನಪಿದೆ.

"ನೋಡ್ ನೀಲಾ. ಈ ಸಲ ಪಾಸಾದಿ ಅಂದ್ರ ಇಬ್ಬರನ್ನೂ ಅಫಜಲಪುರಕ್ಕ ಕಳಸ್ತೇನಿ. ಮಾತು ಕೊಡ್ತೇನಿ. ನಪಾಸಾದಿ ಅಂದ್ರ ಜೇವರ್ಗಿಯವರಿಗೆ ಹೂಂ ಅಂತೇನಿ. ಆಮ್ಯಾಲ ಅತ್ತು ಕರೆದು ಮಾಡಬ್ಯಾಡ."

"ಆಯ್ತಪ್ಪ" ಎಂದಳು ಅಕ್ಕ. ಅವಳ ಮಾತು ಯಾವಾಗಲೂ ಅಷ್ಟೇ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಸುಮ್ಮನಾಗುವವಳು. ಹಾಲು ಚೆಲ್ಲಿದರೆ ಬೆಕ್ಕಿನ ಹೆಸರು ಹೇಳುವ ಬುದ್ಧಿ ನನಗಿತ್ತು, ಅವಳಿಗಿರಲಿಲ್ಲ.

ನನಗೆ ಗಣಿತ ಬರುತ್ತದೆ ಎಂದು ಊರೆಲ್ಲ ನಂಬಿತ್ತು. ಅದಕ್ಕೆ ಕಾರಣ ನಮ್ಮಜ್ಜ. ನಿಜಾಮರ ಕಾಲದಲ್ಲಿ ಶಾಲೆ ಕಲಿತ ಅಜ್ಜನಿಗೆ ಹಳೆಯ ಮರಾಠಿ ಮಗ್ಗಿಗಳು ಬಾಯಿಗೆ ಬರುತ್ತಿದ್ದವು. ಕಾಲಿನ ಮಗ್ಗಿಗೆ ಪಾವಕಿ, ಅರ್ಧದ ಮಗ್ಗಿಗೆ ನಿಮಕಿ, ಒಂದೂವರೆಯ ಮಗ್ಗಿಗೆ ದೀಡಕಿ. "ಏಕ ದೀಡ ದೀಡ, ಬೇ ದೀಡ ತೀನ, ತೀನ ದೀಡ ಸಾಡೇಚಾರ" ಎಂದು ನಾನು ಜೋಗುಳದ ಹಾಗೆ ಹಾಡುತ್ತಿದ್ದೆ. ಮೂರು ಒಂದೂವರೆ ನಾಲ್ಕೂವರೆ ಎಂದು ಬಾಯಿ ಹೇಳುತ್ತಿತ್ತು, ನಾಲ್ಕೂವರೆ ಎಂದರೆ ಎಷ್ಟು ದೊಡ್ಡದು ಎಂದು ಮನಸ್ಸು ಒಂದು ದಿನವೂ ಕೇಳಿರಲಿಲ್ಲ. ಅಜ್ಜ ತೀರಿಕೊಂಡ ಮೇಲೂ ಆ ಹಾಡಿನಿಂದ ನನಗೆ ಹೆಸರು ಬರುತ್ತಿತ್ತು. ಅಕ್ಕನಿಗೆ ಸಾದಾ ಏಳರ ಮಗ್ಗಿಯೂ ಪೂರ್ತಿ ಬರುತ್ತಿರಲಿಲ್ಲ.

ಗಣಿತಕ್ಕೆ ಶಂಕರ ಸರ್ ಇದ್ದರು. ಆಳಂದ ಕಡೆಯವರು, ಆ ವರ್ಷವೇ ಬಂದವರು. ಕೆಟ್ಟ ಮನುಷ್ಯ ಅಲ್ಲ, ಆದರೆ ಅವಸರದವರು. ದೀಪಾವಳಿ ಕಳೆದ ಮೇಲೆ ಭಿನ್ನರಾಶಿ ಶುರು ಮಾಡಿದರು. ಕಪ್ಪುಹಲಗೆಯ ಮೇಲೆ ಅಂಶ, ಛೇದ ಎಂದು ಬರೆದರು. ಯಾರಿಗೂ ತಲೆಗೆ ಹತ್ತಲಿಲ್ಲ. ಆಗ ಅವರು ಸೀಮೆಸುಣ್ಣ ಕೆಳಗಿಟ್ಟು, "ಬಿಡ್ರಿ ಇದನ್ನ. ಮನಿ ಮಾತು ಹೇಳ್ರಿ. ಎರಡು ಅಚ್ಚೇರು ಜೋಳ ಹಾಕಿದ್ರ ಎಷ್ಟಾಗ್ತದ?" ಎಂದರು.

ಅಚ್ಚೇರು ಎಂದರೆ ಅರ್ಧ ಸೇರು. ಅಂಗಡಿಗೆ ಕಿಲೋ ಬಂದಿದ್ದರೂ ನಮ್ಮ ಮನೆಗಳಲ್ಲಿ ಇನ್ನೂ ಸೇರು, ಅಚ್ಚೇರು, ಪಾವುಗಳದೇ ಅಳತೆ.

"ಒಂದ್ ಸೇರ್ರೀ!" ಎಂದು ಎಲ್ಲರೂ ಕೂಗಿದೆವು.

ಅಕ್ಕ ಕೈ ಎತ್ತಿದಳು. ಆ ವರ್ಷ ಅವಳು ತಾನಾಗಿ ಕೈ ಎತ್ತಿದ್ದು ಅದೇ ಮೊದಲು.

"ಒಂದ್ ಸೇರಿಗಿಂತ ಹೆಚ್ಚು ಬರ್ತದರಿ ಸರ್."

"ಏನಂದಿ?"

"ಎರಡು ಅಚ್ಚೇರು ಹಾಕಿದ್ರ ಒಂದ್ ಸೇರು ಆಗಿ, ಮ್ಯಾಲ ಒಂದ್ ಹಿಡಿ ಉಳೀತದರಿ."

ತರಗತಿಗೆ ತರಗತಿಯೇ ನಕ್ಕಿತು. ಹಿಂದಿನಿಂದ ಈರಣ್ಣ ಎಂಬ ಹುಡುಗ, "ಇಕಿ ಮನ್ಯಾಗ ಅರ್ಧಕ್ಕೂ ಮರಿ ಆಗ್ತಾವಲೇ!" ಎಂದ. ಸರ್ ಕೂಡ ನಗು ತಡೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಶಾಂತಾ, ನೀನೂ ಅದೇ ಮನ್ಯಾಕಿ ಅಲ್ಲೇನು? ನಿಮ್ಮ ಮನ್ಯಾಗ ಎರಡು ಅಚ್ಚೇರಿಗೆ ಎಷ್ಟು?"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯ ಸೇರು ಕಬ್ಬಿಣದ್ದು, ಎತ್ತರ, ಬಾಯಿ ಕಿರಿದು. ಅಚ್ಚೇರು ಹಿತ್ತಾಳೆಯದು, ಅವ್ವ ತವರಿನಿಂದ ತಂದದ್ದು, ಗಿಡ್ಡ, ಬಾಯಿ ಅಗಲ. ಕಾಳು ಅಳೆಯುವಾಗ ಯಾರೂ ಅಂಚಿಗೆ ನಿಲ್ಲಿಸುವುದಿಲ್ಲ, ಮೇಲೆ ಗುಡ್ಡೆ ನಿಲ್ಲುವಷ್ಟು ತುಂಬುತ್ತಾರೆ. ಅಗಲ ಬಾಯಿಯ ಮೇಲೆ ಗುಡ್ಡೆ ದೊಡ್ಡದಾಗಿ ನಿಲ್ಲುತ್ತದೆ. ಅದಕ್ಕೇ ಅವ್ವ ಭಿಕ್ಷಕ್ಕೆ ಬಂದ ಜಂಗಮರಿಗೆ ಸೇರಿನಿಂದ ಹಾಕುತ್ತಿರಲಿಲ್ಲ, ಅಚ್ಚೇರಿನಿಂದ ಎರಡು ಸಲ ಹಾಕುತ್ತಿದ್ದಳು. ಕೊಡುವ ಕೈಗೆ ಅಚ್ಚೇರು, ಮನೆಯ ಖರ್ಚಿಗೆ ಸೇರು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ನನಗೂ ಗೊತ್ತಿತ್ತು. ಎಷ್ಟೋ ಸಲ ನಾನೇ ಹಾಕಿದ್ದೆ.

ಅಕ್ಕ ನನ್ನ ಮುಖ ನೋಡಿದಳು. ಸಂತೆಯಲ್ಲಿ ದಾರಿ ತಪ್ಪಿದವರು ಗುರುತಿನವರ ಮುಖ ಹುಡುಕುತ್ತಾರಲ್ಲ, ಹಾಗೆ.

"ಒಂದೇ ಸೇರ್ರಿ ಸರ್" ಎಂದೆ.

ಹೌದು ಎಂದಿದ್ದರೆ ನಾನೂ ಅವಳ ಜೊತೆ ದಡ್ಡಿಯಾಗುತ್ತಿದ್ದೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ಸರ್ ಅಕ್ಕನನ್ನು ಆ ತಾಸು ಮುಗಿಯುವವರೆಗೆ ನಿಲ್ಲಿಸಿದರು. ಅವಳು ಗೋಡೆಗೆ ಒರಗದೆ ನಿಂತಳು. ಆ ದಿನದಿಂದ ಹುಡುಗರು ಅವಳಿಗೆ 'ಒಂದ್ ಹಿಡಿ ನೀಲವ್ವ' ಎಂದು ಹೆಸರಿಟ್ಟರು.

ಮನೆಗೆ ಹೋದ ಮೇಲೆ ಅಕ್ಕ ಅವ್ವನಿಗೆ ಏನೂ ಹೇಳಲಿಲ್ಲ. ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ. ಆದರೆ ಶಾಲೆಯಲ್ಲಿ ಬಾಯಿ ಬಿಡುವುದನ್ನು ಬಿಟ್ಟಳು. ಸರ್ ಏನು ಕೇಳಿದರೂ ತಲೆ ತಗ್ಗಿಸುವಳು. ಸರ್ ಅದನ್ನು ದಡ್ಡತನ ಎಂದುಕೊಂಡರು.

ಆ ಚಳಿಗಾಲ ಜೋರಾಗಿತ್ತು. ಎಳ್ಳಮಾವಾಸ್ಯೆ ಕಳೆದು ತೊಗರಿ ಕೊಯ್ಲು ಶುರುವಾಯಿತು. ಶಾಲೆಗೆ ಹೋಗುವ ಮುಂಚೆ ನಾವು ಹೊಲಕ್ಕೆ ಹೋಗುತ್ತಿದ್ದೆವು, ಇಬ್ಬನಿ ಇರುವಾಗ ಕೊಯ್ದರೆ ಕಾಯಿ ಸಿಡಿಯುವುದಿಲ್ಲ ಎಂದು. ತೊಗರಿ ಗಿಡದ ಬುಡ ಕೈಗೆ ಚುಚ್ಚುತ್ತಿತ್ತು. ಅಕ್ಕ ಕೊಯ್ದದ್ದನ್ನು ನಾನು ಸಿವುಡು ಕಟ್ಟುತ್ತಿದ್ದೆ. ಅವಳಿಗೆ ಮಗ್ಗಿ ಹೇಳಿಕೊಡೋಣ ಎಂದು ನಾನು ಎರಡು ಮೂರು ಸಲ ಬಾಯಿ ತೆರೆದೆ. "ನಿನಗ ಬರ್ತದಲ್ಲ, ಸಾಕು ಬಿಡು" ಎಂದಳು. ಅವಳು ಹಂಗಿಸಿದಳೋ ಇಲ್ಲವೋ ಎಂದು ಸಿವುಡು ಕಟ್ಟುತ್ತ ಬಹಳ ಹೊತ್ತು ಯೋಚಿಸಿದೆ.

ಪರೀಕ್ಷೆಯ ಫಾರ್ಮು ತುಂಬುವ ದಿನ ಹತ್ತಿರ ಬಂತು. ಒಂದು ಭಾನುವಾರ ಬೆಳಿಗ್ಗೆ ಶಂಕರ ಸರ್ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದರು. ಅಂಗಳದಲ್ಲಿ ಹೊಸ ತೊಗರಿಯ ರಾಶಿ ಹಾಕಿತ್ತು. ಅಪ್ಪ ಅವರಿಗೆ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದ. ನಾನೂ ಅಕ್ಕನೂ ಬಾಗಿಲ ಹಿಂದೆ ನಿಂತೆವು.

"ನೋಡ್ರಿ ಶರಣಪ್ಪನವರ" ಎಂದರು ಸರ್, "ನಿಮ್ಮ ದೊಡ್ಡಾಕಿನ್ನ ಈ ವರ್ಷ ಪರೀಕ್ಷಾಕ್ಕ ಕೂಡ್ಸೂದು ಬ್ಯಾಡ. ಶನಿವಾರ ಫಾರ್ಮ್ ಕಳಸಬೇಕು. ಇರೋದೇ ಹನ್ನೆರಡು ಮಂದಿ. ಒಬ್ಬರು ನಪಾಸಾದ್ರೂ ಮ್ಯಾಲಿನವರು ನನ್ನ ಕೇಳ್ತಾರ."

"ಪೂರಾ ಬರಂಗಿಲ್ಲೇನ್ರಿ ಆಕಿಗಿ?"

"ಅರ್ಧ ಅಂದ್ರ ಏನು ಅನ್ನೂದೇ ತಿಳಿವಲ್ದು ಆಕಿಗಿ. ಮುಂದಿನದು ಹೆಂಗ ಹೇಳ್ಲಿ?"

ಅಪ್ಪ, "ಆಕಿ ನಸೀಬ ಅಷ್ಟೇ ಅಂದ್ರ ಅಷ್ಟೇರಿ. ನೀವ್ ಹೇಳ್ದಂಗ ಆಗ್ಲಿ" ಎಂದ.

ಅಕ್ಕನ ಕೈ ನನ್ನ ಪಕ್ಕದಲ್ಲೇ ಬಾಗಿಲ ಚೌಕಟ್ಟು ಹಿಡಿದಿತ್ತು. ಅದನ್ನು ನೋಡುತ್ತಾ ನಿಂತೆ. ಹೊರಗೆ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಹೋಗಲಿಲ್ಲ.

ಅವ್ವನಿಗೆ ಈ ಮಾತೊಂದೂ ಕೇಳಿಸಿರಲಿಲ್ಲ. ಸುಗ್ಗಿಯಲ್ಲಿ ಗುರುಗಳು ಮನೆಗೆ ಬಂದರೆ ಬರಿಗೈಲಿ ಕಳಿಸುವಂತಿಲ್ಲ ಎಂಬುದಷ್ಟೇ ಅವಳ ತಲೆಯಲ್ಲಿತ್ತು. ಒಂದು ಕೈಚೀಲ, ಹಿತ್ತಾಳೆ ಅಚ್ಚೇರು ಹಿಡಿದು ರಾಶಿಯ ಹತ್ತಿರ ಕೂತಳು. ಅಚ್ಚೇರು ತುಂಬಿ, ಎರಡೂ ಅಂಗೈಯಿಂದ ಗುಡ್ಡೆಯನ್ನು ಮೇಲಕ್ಕೆ ಒತ್ತಿ, ಒಂದು ಕಾಳೂ ಉರುಳದ ಹಾಗೆ ಚೀಲಕ್ಕೆ ಸುರಿದಳು. ಮತ್ತೆ ತುಂಬಿದಳು. ಸುಮ್ಮನೆ ನೋಡುತ್ತಿದ್ದ ಸರ್ ಎರಡನೆಯ ಸಲಕ್ಕೆ ಕತ್ತು ಮುಂದೆ ಚಾಚಿದರು.

"ಅವ್ವಾರ, ಮನ್ಯಾಗ ಸೇರು ಇಲ್ಲೇನ್ರಿ?"

"ಅದ್ರಿ. ಗುರುಗಳಿಗಿ ಸೇರಿಲೆ ಹಾಕ್ತಾರೇನ್ರಿ ಯಾರರ?"

"ಯಾಕ, ಎರಡು ಅಚ್ಚೇರಿಗಿ ಒಂದ್ ಸೇರೇ ಅಲ್ಲೇನು?"

ಅವ್ವ ಅವರ ಮುಖ ನೋಡಿದಳು, ಈ ಮಾಸ್ತರು ಚೇಷ್ಟೆ ಮಾಡುತ್ತಿದ್ದಾರೋ ಹೇಗೆ ಎನ್ನುವ ಹಾಗೆ.

"ಹೆಂಗಾಗ್ತದ್ರಿ ಸರ್? ಮ್ಯಾಲ ಒಂದ್ ಹಿಡಿ ಬರ್ತದಲ್ರಿ. ಸಣ್ಣ ಹುಡುಗರಿಗೂ ಗೊತ್ತದ."

ಸರ್ ಕಟ್ಟೆಯಿಂದ ಇಳಿದರು. "ನೀಲಾ, ಬಾ ಇಲ್ಲಿ. ಆ ಸೇರು ತಗೊಂಬಾ" ಎಂದು ಕೂಗಿದರು.

ಅಕ್ಕ ಸೇರು ತಂದಳು. ಚೀಲದ ಕಾಳನ್ನು ಸರ್ ತಾವೇ ಸೇರಿಗೆ ಸುರಿದರು, ಗುಡ್ಡೆ ನಿಲ್ಲುವಷ್ಟು. ಕಿರಿದಾದ ಬಾಯಿಯ ಮೇಲೆ ಸಣ್ಣ ಗುಡ್ಡೆ ನಿಂತಿತು. ಚೀಲದ ತಳದಲ್ಲಿ ಒಂದು ಹಿಡಿ ಕಾಳು ಉಳಿಯಿತು. ಅದನ್ನು ಅಂಗೈಗೆ ಹಾಕಿಕೊಂಡು ನೋಡಿ ಕಟ್ಟೆಯ ಮೇಲಿಟ್ಟರು. ಆಮೇಲೆ ಸೇರನ್ನು ರಾಶಿಗೆ ಬರಿದು ಮಾಡಿ, ಬೇಲಿಯಿಂದ ಒಂದು ಜೋಳದ ದಂಟು ಮುರಿದು ತಂದು, ಅಚ್ಚೇರು ತುಂಬಿ, ದಂಟಿನಿಂದ ಮೇಲಿನ ಗುಡ್ಡೆಯನ್ನು ಅಂಚಿಗೆ ಸರಿಯಾಗಿ ಸವರಿ ಕೆಡವಿದರು. ಹಾಗೆ ಸವರಿದ ಎರಡು ಅಚ್ಚೇರು ಹಾಕಿದಾಗ ಸೇರು ಅಂಚಿನವರೆಗೆ ಬಂತು. ಒಂದು ಕಾಳು ಹೆಚ್ಚಿಲ್ಲ, ಕಮ್ಮಿ ಇಲ್ಲ.

"ಇದು ನಂದು" ಎಂದರು ಸರ್. "ಗುಡ್ಡಿ ಮಾಡಿ ಹಾಕಿದ್ದು ನಿಂದು. ಎರಡೂ ಖರೆ. ಅವತ್ತು ಯಾವ ಅಳತಿ ಅಂತ ನಾನೇ ಹೇಳಿರಲಿಲ್ಲ. ನೀ ಯಾಕ ಬಿಡಿಸಿ ಹೇಳಲಿಲ್ಲ ಬೇ?"

"ಹೇಳಿದ್ನಿರಿ. ನೀವು ನಿಲ್ಲಿಸಿದ್ರಿ" ಎಂದಳು ಅಕ್ಕ.

ಸರ್ ಕಟ್ಟೆಯ ಮೇಲಿಟ್ಟಿದ್ದ ಕಾಳನ್ನು ಚೀಲಕ್ಕೆ ಹಾಕಿದರು. ಆಮೇಲೆ ಬಾಗಿಲ ಕಡೆ ನೋಡಿ ನನ್ನನ್ನು ಕೇಳಿದರು. "ಶಾಂತಾ, ನಿನಗೂ ಗೊತ್ತಿತ್ತಲ್ಲ ಇದು?"

ನಾನು ಏನಾದರೂ ಹೇಳುವ ಮೊದಲೇ ಅಕ್ಕ ಹೇಳಿದಳು.

"ಆಕಿ ಎಂದರ ಅಡಗಿಮನಿಗಿ ಬಂದಾಳೇನ್ರಿ ಸರ್? ಆಕಿಗಿ ರೊಟ್ಟಿ ತಿನ್ನೂದೊಂದೇ ಗೊತ್ತು."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಾನೂ ನಕ್ಕೆ. ಹಿಂದಿನ ದಿನವಷ್ಟೇ ಅದೇ ಅಚ್ಚೇರಿನಿಂದ ಜಂಗಮರಿಗೆ ಕಾಳು ಹಾಕಿದ್ದು ನಾನು, ಪಕ್ಕದಲ್ಲಿ ನಿಂತು ಚೀಲ ಹಿಡಿದಿದ್ದು ಅವಳು.

"ಫಾರ್ಮ್ ತುಂಬ್ತೇನಿ" ಎಂದರು ಸರ್ ಹೊರಡುವಾಗ. "ಆದ್ರ ನೀಲಾ, ಮಗ್ಗಿ ಬರಲಾರದ ಪಾಸಾಗಂಗಿಲ್ಲ. ಎಷ್ಟು ದೊಡ್ಡದು ಎಷ್ಟು ಸಣ್ಣದು ಅಂತ ಕಣ್ಣಿಗಿ ಕಂಡ್ರೂ, ಛೇದ ಸರಿ ಮಾಡಾಕ ಮಗ್ಗಿನೇ ಬೇಕು. ಶಾಂತಾ ಕಲಿಸ್ಲಿ. ಶಾಂತಾ, ನೀನೂ ಆಕಿ ಕಡಿಂದ ಕಲಿ."

ನಾನು ಏನು ಕಲಿಯಬೇಕು ಎಂದು ಆಗ ಅರ್ಥವಾಗಲಿಲ್ಲ. ಒಂದೆರಡು ದಿನದಲ್ಲೇ ಆಯಿತು.

ಮರುದಿನ ಸರ್ ಆ ಎರಡೂ ಪಾತ್ರೆಗಳನ್ನು ಶಾಲೆಗೆ ತರಿಸಿ, ಈರಣ್ಣನ ಕೈಯಿಂದಲೇ ಅಳೆಸಿದರು. "ಈಗ ಹೇಳಲೇ, ಅರ್ಧಕ್ಕ ಮರಿ ಆದ್ವೇನು?" ಎಂದು ಕೇಳಿದರು. ಈರಣ್ಣ ಕಿವಿ ಕೆರೆದುಕೊಂಡ. ಅದರ ಮರುದಿನ ಎಲ್ಲರನ್ನೂ ಶಾಲೆಯ ಹಿಂದಿನ ಹೊಲದ ಬದುವಿಗೆ ಕರೆದುಕೊಂಡು ಹೋದರು. ಬದುವಿನ ಈ ತುದಿಗೆ ಹಾಳು ಬಾವಿ, ಆ ತುದಿಗೆ ಬೇವಿನ ಮರ.

"ಬಾವಿ ಸೊನ್ನಿ, ಬೇವಿನ ಗಿಡ ಒಂದು. ನಡುವ ಎಲ್ಲಾ ಭಿನ್ನರಾಶಿ ಅವ. ನೀಲಾ, ಮುಕ್ಕಾಲಿನ ಮ್ಯಾಲ ನಿಂದ್ರು."

ಅಕ್ಕ ಎರಡೂ ತುದಿ ನೋಡಿದಳು, ನಡೆದು ಹೋಗಿ ನಿಂತಳು. ಸರ್ ಹೆಜ್ಜೆ ಹಾಕಿ ಎಣಿಸಿದರು. ಬದು ನೂರಿಪ್ಪತ್ತು ಹೆಜ್ಜೆ, ಅವಳು ನಿಂತದ್ದು ಎಂಬತ್ತೊಂಬತ್ತಕ್ಕೆ. ಒಂದೇ ಹೆಜ್ಜೆ ತಪ್ಪು. ಆಮೇಲೆ ನನ್ನ ಸರದಿ.

"ಶಾಂತಾ, ಎಂಟರಲ್ಲಿ ಮೂರು."

ಎಂಟು ದೊಡ್ಡ ಸಂಖ್ಯೆ. ನಾನು ಬೇವಿನ ಮರದ ಕಡೆ ದೂರ ನಡೆದು ನಿಂತೆ. ಹುಡುಗರು ಯಾರೂ ನಗಲಿಲ್ಲ, ಅವರಿಗೂ ಅದೇ ಸರಿ ಅನಿಸಿತ್ತು. ಅಕ್ಕ ಮಾತ್ರ ಅಲ್ಲಿಂದಲೇ ಕೂಗಿದಳು.

"ಹಿಂದಕ್ಕ ಬಾ ಬೇ! ಎಂಟು ತುಂಡು ಮಾಡಿದ್ರ ತುಂಡು ಸಣ್ಣ ಆಗ್ತಾವಲ್ಲ. ಅದರಾಗ ಮೂರೇ ತಗೊಂಡ್ರ ಅರ್ಧಕ್ಕೂ ಮುಟ್ಟಂಗಿಲ್ಲ."

ನಾನು ಹಿಂದಕ್ಕೆ ಬಂದೆ. ಅರ್ಧದಿಂದಲೂ ಹಿಂದಕ್ಕೆ. ಏಳು ವರ್ಷ ಜಾಣೆ ಅನಿಸಿಕೊಂಡವಳು ಹಾಗೆ ಎಲ್ಲರ ಎದುರು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಬರುವಾಗ ಮುಖ ಬಿಸಿಯಾಯಿತು. ಅವಳನ್ನು ನಿಲ್ಲಿಸಿದ ದಿನ ಅವಳಿಗೆ ಏನಾಗಿರಬೇಕು ಎಂದು ಆಗ ಮೊದಲ ಸಲ ಗೊತ್ತಾಯಿತು.

ಆ ಮೇಲಿನ ಮೂರು ತಿಂಗಳು ನಾವಿಬ್ಬರೂ ಬಹುಶಃ ಜೀವನದಲ್ಲೇ ಅತಿ ಹತ್ತಿರ ಇದ್ದ ದಿನಗಳು. ತೊಗರಿ ಮುಗಿದು ಜೋಳ ಹಾಲುಗಟ್ಟಿತ್ತು. ಹಕ್ಕಿ ಕಾಯಲು ಅಟ್ಟಣೆಯ ಮೇಲೆ ಕೂತು ಓದುತ್ತಿದ್ದೆವು. ಅಕ್ಕನ ಕೈಯಲ್ಲಿ ಕವಣೆ, ನನ್ನ ಕೈಯಲ್ಲಿ ಪಾಟಿ. ಎಳೆಯ ತೆನೆಯನ್ನು ಸುಟ್ಟು, ಬಿಸಿ ಕಾಳನ್ನು ಅಂಗೈಯಲ್ಲಿ ಉಜ್ಜಿ ತಿನ್ನುತ್ತಾ ಮಗ್ಗಿ ಹೇಳುತ್ತಿದ್ದೆವು.

ಅವಳಿಗೆ ಹಾಡಿದರೆ ಬರುತ್ತಿರಲಿಲ್ಲ. ಏಳರ ಮಗ್ಗಿಯಲ್ಲಿ ನಾನು ಮೂರು ದಿನ ಹೈರಾಣಾದೆ. ಕೊನೆಗೆ ಅವಳೇ ಒಂದು ದಾರಿ ಮಾಡಿಕೊಂಡಳು. ಏಳು, ಅದರ ಎರಡು ಪಟ್ಟು ಹದಿನಾಲ್ಕು, ಅದರ ಎರಡು ಪಟ್ಟು ಇಪ್ಪತ್ತೆಂಟು, ಮತ್ತೆ ಎರಡು ಪಟ್ಟು ಐವತ್ತಾರು. ಈ ನಾಲ್ಕನ್ನು ಗೂಟದ ಹಾಗೆ ನೆಟ್ಟುಕೊಂಡು, ಉಳಿದದ್ದನ್ನು ಅವುಗಳಿಂದ ಕೂಡಿಸಿ ಕಳೆದು ತೆಗೆಯುತ್ತಿದ್ದಳು. ಏಳಾರು ಎಷ್ಟು ಎಂದರೆ, "ಏಳ್ನಾಕು ಇಪ್ಪತ್ತೆಂಟು, ಮ್ಯಾಲ ಒಂದ್ ಹದಿನಾಲ್ಕು, ನಲವತ್ತೆರಡು" ಎನ್ನುವಳು. ಅಷ್ಟರಲ್ಲಿ ನಾನು ಮುಂದಿನ ಮಗ್ಗಿ ಮುಗಿಸುತ್ತಿದ್ದೆ.

"ಇಷ್ಟು ನಿಧಾನ ಮಾಡಿದ್ರ ಪೇಪರ್ ಮುಗಿಯೂದು ಯಾವಾಗ?" ಎಂದು ರೇಗುತ್ತಿದ್ದೆ.

"ಮುಗೀಲಾರದ ಹೋದ್ರ ಹೋಗ್ಲಿ. ತಪ್ಪು ಬರೆಯೂದ್ಯಾಕ?"

ಒಂದು ದಿನ ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸುವ ಲೆಕ್ಕ. ಸರ್ ಹೇಳಿಕೊಟ್ಟ ಕ್ರಮ ನನಗೆ ಆ ಗಳಿಗೆಯಲ್ಲಿ ಮರೆತುಹೋಯಿತು. ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, ಐದರಲ್ಲಿ ಎರಡು ಎಂದು ಬರೆದು ಪಾಟಿ ತೋರಿಸಿದೆ. ಅಕ್ಕ ಕವಣೆ ಕೆಳಗಿಟ್ಟಳು.

"ಇದು ಅರ್ಧಕ್ಕಿಂತ ಕಮ್ಮಿ ಅದಲ್ಲ ಬೇ."

"ಅದಕ್ಕೇನು?"

"ಅರ್ಧಕ್ಕ ಇನ್ನಷ್ಟು ಸುರುವಿದ ಮ್ಯಾಲ ಅರ್ಧಕ್ಕಿಂತ ಕಮ್ಮಿ ಹೆಂಗ ಆಯ್ತು? ನಡುವ ಗಿಳಿ ತಿಂದ್ವೇನು?"

ನಾನು ಪಾಟಿ ನೋಡಿದೆ. ನನಗೆ ಅದು ಎಂದೂ ಹೊಳೆಯುತ್ತಿರಲಿಲ್ಲ. ಉತ್ತರ ಬಂದ ಮೇಲೆ ಅದರ ಮುಖ ನೋಡುವುದು ನನಗೆ ಗೊತ್ತೇ ಇರಲಿಲ್ಲ. ಒರೆಸಿ, ಎರಡಕ್ಕೂ ಮೂರಕ್ಕೂ ಸೇರುವ ಆರು ತಂದು, ಆರರಲ್ಲಿ ಐದು ಮಾಡಿದೆ. ಅಕ್ಕ ಕಣ್ಣು ಕಿರಿದು ಮಾಡಿ, ಆ ಬದುವನ್ನೇ ನೋಡುತ್ತಿರುವವಳ ಹಾಗೆ ಎದುರಿನ ಹೊಲ ನೋಡಿ, "ಹಾಂ, ಬೇವಿನ ಗಿಡದ ಸನೇಕ. ಇದು ಸರಿ ಕಾಣ್ತದ" ಎಂದಳು. ಆ ಆರನ್ನು ನಾನು ತರದಿದ್ದರೆ ಅವಳಿಗೆ ಆ ಲೆಕ್ಕ ಮುಗಿಸಲು ಬರುತ್ತಿರಲಿಲ್ಲ. ಅವಳು ಕೇಳದಿದ್ದರೆ ನನ್ನ ತಪ್ಪು ನನಗೆ ಕಾಣುತ್ತಿರಲಿಲ್ಲ.

ಅಟ್ಟಣೆಯ ಮೇಲೆ ಎಷ್ಟೋ ಸಲ ಆ ಹಳೆಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅಕ್ಕಾ, ಅವತ್ತು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿದ್ದ ಸಂಗತಿಯೇ. ಆದರೂ ಹೇಳಿದರೆ ಈ ದಿನಗಳು ಕೆಡುತ್ತವೆ ಎಂದು ಅಂಜುತ್ತಿದ್ದೆ. ಆಗ ಗಿಳಿಗಳ ಹಿಂಡು ಬರುತ್ತಿತ್ತು, ಅಕ್ಕ ಎದ್ದು ಕವಣೆ ಬೀಸುತ್ತಿದ್ದಳು.

ಪರೀಕ್ಷೆಗೆ ಅಫಜಲಪುರಕ್ಕೆ ಹೋಗಬೇಕಿತ್ತು. ನಸುಕಿನಲ್ಲೆದ್ದು ಚೌಡಾಪುರದವರೆಗೆ ಅಪ್ಪನ ಹಿಂದೆ ನಡೆದು, ಅಲ್ಲಿ ಬಸ್ಸು ಹತ್ತಿದೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗಣಿತದ ದಿನ ಅಕ್ಕ ನನ್ನಿಂದ ಮೂರು ಸಾಲು ಮುಂದೆ ಕೂತಿದ್ದಳು. ಮೂರು ಭಿನ್ನರಾಶಿಗಳನ್ನು ಏರಿಕೆಯ ಕ್ರಮದಲ್ಲಿ ಬರೆಯಿರಿ ಎಂಬ ಪ್ರಶ್ನೆ ಇತ್ತು. ಎರಡರಲ್ಲಿ ಒಂದು, ಐದರಲ್ಲಿ ಮೂರು, ಎಂಟರಲ್ಲಿ ಮೂರು. ಮೂರನ್ನೂ ಬದುವಿನ ಮೇಲೆ ನಿಲ್ಲಿಸಿ ನೋಡಿದೆ, ಎಂಟರಲ್ಲಿ ಮೂರನ್ನು ಬಾವಿಯ ಕಡೆಗೆ ಎಳೆದುಕೊಂಡೆ. ಮುಂದೆ ಅಕ್ಕನ ಬೆನ್ನು ಬಗ್ಗಿತ್ತು. ಗಂಟೆ ಹೊಡೆದಾಗಲೂ ಅವಳು ಬರೆಯುತ್ತಿದ್ದಳು, ಮೇಲ್ವಿಚಾರಕರು ಕಾಗದ ಎಳೆದುಕೊಂಡರು.

"ಎರಡು ಲೆಕ್ಕ ಮುಟ್ಟಲೇ ಇಲ್ಲ ಬೇ" ಎಂದಳು ಹೊರಗೆ ಬಂದು. ಹಣೆಯೆಲ್ಲ ಬೆವರು. "ಮಾಡಿದ್ದೆಲ್ಲಾ ಖರೆ ಅದ. ಅಷ್ಟಕ್ಕ ಪಾಸ್ ಮಾಡ್ತಾರೋ ಇಲ್ಲೋ ನೋಡ್ಬೇಕು. ನಿಂದು?"

"ಎಲ್ಲಾ ಮಾಡೀನಿ."

"ಖರೆ ಅವೇನು?"

ನನಗೆ ಗೊತ್ತಿರಲಿಲ್ಲ. ಎಷ್ಟು ಸರಿ, ಎಷ್ಟು ತಪ್ಪು ಎಂದು ಹೇಳಲು ನನಗೆ ಆಗುತ್ತಿರಲಿಲ್ಲ. ಅವಳಿಗೆ ಆಗುತ್ತಿತ್ತು.

ಫಲಿತಾಂಶ ಬಂದದ್ದು ಬೇಸಿಗೆಯ ಕೊನೆಯಲ್ಲಿ. ಶಂಕರ ಸರ್ ರಜೆಯಲ್ಲಿ ಊರಿಗೆ ಹೋಗಿದ್ದವರು ಅದಕ್ಕೆಂದೇ ಬಂದಿದ್ದರು. ಸೈಕಲ್ಲು ಇನ್ನೂ ಅಂಗಳಕ್ಕೆ ಬಂದಿರಲಿಲ್ಲ, ಬೇಲಿಯ ಆಚೆಯಿಂದಲೇ, "ಶರಣಪ್ಪನವರ, ಇಬ್ಬರಿಗೂ ಪಾಟಿಚೀಲ ಹೊಲಸ್ರಿ!" ಎಂದು ಕೂಗಿದರು. ನನಗೆ ಗಣಿತದಲ್ಲಿ ಎಪ್ಪತ್ತೊಂದು, ಅಕ್ಕನಿಗೆ ಮೂವತ್ತೊಂಬತ್ತು. ಮೂವತ್ತೈದಕ್ಕೆ ಪಾಸು. ಅವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಅಪ್ಪ ಕಟ್ಟೆಯ ಮೇಲೆ ಕೂತು, "ಮಾತು ಕೊಟ್ಟೇನಿ. ಕಳಸ್ತೇನಿ" ಎಂದ, ಯಾರೋ ಎದುರು ವಾದಿಸುತ್ತಿದ್ದಾರೆ ಎನ್ನುವ ಹಾಗೆ.

ಜೂನ್ ತಿಂಗಳಲ್ಲಿ ನಾವಿಬ್ಬರೂ ಹೈಸ್ಕೂಲಿಗೆ ಸೇರಿದೆವು. ಅಕ್ಕ ಹತ್ತನೆಯ ತರಗತಿ ಮುಗಿಸಿದ ಮೇಲೆಯೇ ಜೇವರ್ಗಿಗೆ ಮದುವೆಯಾಗಿ ಹೋದದ್ದು. ಆ ಹತ್ತನೆಯ ತರಗತಿಯಿಂದಲೇ ಅವಳಿಗೆ ಅಂಗನವಾಡಿಯ ಕೆಲಸ ಸಿಕ್ಕಿತು. ಮೂವತ್ತು ವರ್ಷ ಮಾಡಿದಳು.

ಕಳೆದ ಆಷಾಢದಲ್ಲಿ ಅವಳು ಹಾಸಿಗೆ ಹಿಡಿದಾಗ ನಾನು ಹದಿನೈದು ದಿನ ಜೇವರ್ಗಿಯಲ್ಲಿದ್ದೆ. ಒಂದು ಮಧ್ಯಾಹ್ನ ಸೊಸೆ ಔಷಧಿ ಅಂಗಡಿಗೆ ಹೋಗಿದ್ದಳು, ನಾವಿಬ್ಬರೇ ಇದ್ದೆವು. ನಾನು ಅವಳ ಕಾಲು ಒತ್ತುತ್ತಿದ್ದೆ. ಇನ್ನು ಹೇಳದಿದ್ದರೆ ಆಗುವುದಿಲ್ಲ ಅನಿಸಿತು. ಎಲ್ಲಾ ಹೇಳಿದೆ. ಸರ್ ಕೇಳಿದ್ದು, ನಾನು ಒಂದೇ ಸೇರು ಎಂದದ್ದು, ಅವಳನ್ನು ನಿಲ್ಲಿಸಿದ್ದು, ಹುಡುಗರು ಹೆಸರಿಟ್ಟದ್ದು. ಗೊತ್ತಿದ್ದೂ ಸುಳ್ಳು ಹೇಳಿದೆ ಅಕ್ಕಾ ಎಂದೆ. ಹೇಳುತ್ತಾ ನನಗೆ ಅಳು ಬಂತು.

ಅಕ್ಕ ಕೇಳಿಸಿಕೊಂಡಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದಳು.

"ಹೌದೇನು? ನನ್ನ ನಿಲ್ಲಿಸಿದ್ರಾ? ನನಗ ಅದ್ಯಾವುದೂ ನೆನಪಿಲ್ಲ ಬಿಡು."

"ಹುಡುಗರು ಹೆಸರಿಟ್ಟದ್ದೂ ನೆನಪಿಲ್ಲೇನು?"

"ಇಲ್ಲ ಬೇ. ನಾವಿಬ್ಬರೂ ಪಾಸಾದದ್ದು ನೆನಪದ. ಅಳಬ್ಯಾಡ, ಮೊಣಕಾಲ ಕೆಳಗ ಒತ್ತು, ಅಲ್ಲಿ ಸೆಳೀತದ."

ನಾನು ಒತ್ತಿದೆ. ನಲವತ್ತು ವರ್ಷದ ಹಿಂದಿನ ಮದುವೆಗಳಲ್ಲಿ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರು, ಯಾರ ಮನೆಯ ಊಟದಲ್ಲಿ ಉಪ್ಪು ಹೆಚ್ಚಾಗಿತ್ತು ಎಂದೆಲ್ಲ ಹೇಳುತ್ತಿದ್ದವಳು ನನ್ನ ಅಕ್ಕ. ಅಂಗನವಾಡಿಗೆ ಬಂದು ಹೋದ ಅಷ್ಟೂ ಮಕ್ಕಳ ಹೆಸರು ಅವಳ ಬಾಯಲ್ಲಿದ್ದವು. ಅವಳು ಮರೆತದ್ದನ್ನು ನಾನು ಕಂಡವಳೇ ಅಲ್ಲ.

ಒಂದು ಜೀವಮಾನ ಅವಳ ಜೊತೆ ಕಳೆದಿದ್ದೇನೆ. ಅವಳು ಸುಳ್ಳು ಹೇಳಿದ್ದನ್ನು ಕೇಳಿದ್ದು ಎರಡೇ ಸಲ. ಎರಡೂ ನನ್ನ ಸಲುವಾಗಿ.